ಟೇಕ್ ಇಟ್ ಡೌನ್: ಇನ್‌ಸ್ಟಾಗ್ರಾಂಗೆ ಸರಿ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಅಲ್ಲ

ಹದಿನೆಂಟು ತುಂಬದವರ ನಗ್ನ ಅಥವಾ ಅರೆನಗ್ನ ಫೋಟೊ, ವಿಡಿಯೊ ಆನ್‌ಲೈನಿನಲ್ಲಿ ಹರಡದಂತೆ ತಡೆಯುವ ಉಚಿತ ಸೇವೆ ಇದು. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ದುಡಿಯುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರ ಫೆಬ್ರುವರಿಯಲ್ಲಿ ಶುರು ಮಾಡಿದ್ದು. ತೀರ್ಥಹಳ್ಳಿಯಲ್ಲಿ ಕೂತವರೂ ಬಳಸಬಹುದು. ಹೆಸರು, ಫೋನ್ ನಂಬರ್ ಕೊಡಬೇಕಿಲ್ಲ. ಹುಡುಕುವಾಗ ಇದೇ ಹೆಸರಿನ, 2025ರ ಅಮೆರಿಕದ ಕಾನೂನೊಂದು ಎದುರಾಗುತ್ತದೆ. ಅದು ಬೇರೆ. ನಮಗೆ ಬೇಕಾದ ವಿಳಾಸ ಟೇಕ್‌ಇಟ್‌ಡೌನ್ ಡಾಟ್ ಎನ್‌ಸಿಎಂಇಸಿ ಡಾಟ್ ಆರ್ಗ್.

ಇದರ ಜಾಣತನ ಇರುವುದು ಒಂದೇ ಕಡೆ: ಫೋಟೊ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಫೋಟೊ ಆರಿಸಿದ ಕೂಡಲೇ ನಿಮ್ಮ ಫೋನೇ ಅದನ್ನು ಓದಿ, ಹ್ಯಾಶ್ ಎನ್ನುವ ಅಕ್ಷರ-ಅಂಕಿಗಳ ಸಾಲೊಂದನ್ನು ತಯಾರಿಸುತ್ತದೆ. ಬೆರಳಚ್ಚು ಇದ್ದ ಹಾಗೆ. ಆ ಸಾಲಿನಿಂದ ಫೋಟೊ ಮತ್ತೆ ಕಟ್ಟಲು ಬರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ಒಪ್ಪಿಕೊಂಡ ಕಂಪನಿಗಳು ಅದನ್ನು ಹಿಡಿದು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ. ಹೋಗುವುದು ಸಣ್ಣ ಸಾಲು ಮಾತ್ರ, ಹಾಗಾಗಿ ಗುಡ್ಡ ಹತ್ತಿದರೆ ಒಂದು ಕಡ್ಡಿ ಟವರ್ ಸಿಗುವ ಆಗುಂಬೆ, ಹೊಸನಗರದ ಕಡೆಯೂ ಇದಕ್ಕೆ ಹೆಚ್ಚು ಡೇಟಾ ಬೇಡ.

ಎಡವುವುದು ಹೆಚ್ಚಾಗಿ ಇದಕ್ಕಿಂತ ಮುಂಚೆಯೇ. ಹೆದರಿ ಮೊದಲು ಫೋಟೊ ಅಳಿಸಿಬಿಡುತ್ತಾರೆ. ಫೈಲೇ ಇಲ್ಲದಿದ್ದರೆ ಹ್ಯಾಶ್ ಎಲ್ಲಿಂದ? ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಅಳಿಸಿದ್ದು 60 ದಿನ ಅದರ ಕಸದ ಬುಟ್ಟಿಯಲ್ಲಿ ಇರುತ್ತದೆ, ಅಲ್ಲಿ ನೋಡಿ. ಎರಡನೆಯದು, ಫೋಟೊ ಕತ್ತರಿಸಿದರೆ, ಮೇಲೆ ಬರಹ ಅಥವಾ ಫಿಲ್ಟರ್ ಹಾಕಿದರೆ ಹ್ಯಾಶ್ ಬದಲಾಗಬಹುದು. ಕ್ಯಾಮೆರಾದ ಮೂಲ ಪ್ರತಿ, ಕಳುಹಿಸಿದ ಪ್ರತಿ, ತಿದ್ದಿದ ಪ್ರತಿ ಕೈಯಲ್ಲಿದ್ದರೆ ಒಂದೊಂದನ್ನೂ ಸೇರಿಸಿ. ಮನೆಗೆಲ್ಲ ಒಂದೇ ಫೋನ್ ಇದ್ದು ಅದು ಅಪ್ಪನ ಕೈಯಲ್ಲಿದ್ದರೆ ಗುಟ್ಟಾಗಿ ಇದನ್ನೆಲ್ಲ ಮಾಡುವುದು ಕಷ್ಟ. ನಂಬಿಕೆಯ ಅಕ್ಕನನ್ನೋ ಚಿಕ್ಕಮ್ಮನನ್ನೋ ಜೊತೆಗೆ ಕೂರಿಸಿಕೊಳ್ಳುವುದು ಮೇಲು.

ಇನ್ನು ಕೊರತೆ. ಗೂಢಲಿಪೀಕರಣ ಇರುವ, ಅಂದರೆ ಕಳುಹಿಸಿದವರು ಮತ್ತು ಪಡೆದವರು ಬಿಟ್ಟು ಬೇರೆ ಯಾರೂ ನೋಡಲಾಗದ ಚಾಟ್‌ನೊಳಗೆ ಈ ಸೇವೆಗೆ ಕಣ್ಣಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡುವುದನ್ನು ಇದು ಮುಟ್ಟುವುದಿಲ್ಲ. ನಮ್ಮ ಪಿಯು ಕಾಲೇಜಿನ ಮಕ್ಕಳ ಅರ್ಧ ಲೋಕ ಇರುವುದೇ ಅಲ್ಲಿ. ಅಲ್ಲಿ ಮಾಡಬೇಕಾದ್ದು ಬೇರೆ: ಕಳುಹಿಸಿದವರ ನಂಬರ್, ಗ್ರೂಪಿನ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್, ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಈ ಕ್ರಮ ತಪ್ಪಬಾರದು.

ಇನ್ನೊಂದು ಮಿತಿ ಇದರ ವ್ಯಾಪ್ತಿಯದು. ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ 13ರಿಂದ 17 ವಯಸ್ಸಿನ 1,316 ಅಮೆರಿಕನ್ ಮಕ್ಕಳನ್ನು ಕೇಳಿದಾಗ ಶೇ 46ರಷ್ಟು ಮಂದಿ ಆನ್‌ಲೈನಿನಲ್ಲಿ ಒಂದಲ್ಲ ಒಂದು ಬಗೆಯ ಕಾಟ ಅನುಭವಿಸಿದ್ದಾಗಿ ಹೇಳಿದರು. ಕೆಟ್ಟ ಹೆಸರಿಟ್ಟು ಕರೆದದ್ದು ಶೇ 32, ಸುಳ್ಳು ಗುಲ್ಲು ಶೇ 22. ಒಪ್ಪಿಗೆ ಇಲ್ಲದೆ ತಮ್ಮ ಖಾಸಗಿ ಚಿತ್ರ ಹಂಚಿದ್ದು ಶೇ 7. ಈ ಅಂಕಿ ಅಮೆರಿಕದ್ದು, ಶಿವಮೊಗ್ಗಕ್ಕೆ ಹಾಗೇ ಅಂಟಿಸುವಂತಿಲ್ಲ. ಆದರೂ ಅಳತೆ ತಿಳಿಯುತ್ತದೆ: ಟೇಕ್ ಇಟ್ ಡೌನ್ ಕೆಲಸಕ್ಕೆ ಬರುವುದು ಆ 7ಕ್ಕೆ. ಅಡ್ಡಹೆಸರು, ಗುಲ್ಲು, ನಕಲಿ ಖಾತೆ ಇವಕ್ಕೆಲ್ಲ ಇಲ್ಲಿ ಮದ್ದಿಲ್ಲ. ಬೇರೆಯವರ ಮೈಗೆ ಮುಖ ಅಂಟಿಸಿದ ಫೋಟೊಗೆ ಆಯಾ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೂ ದೂರು ಕೊಡಿ. 2021ರ ಐಟಿ ನಿಯಮ 3(2)(ಬಿ) ತಿರುಚಿದ ಚಿತ್ರವನ್ನು ಹೆಸರಿಸಿಯೇ ಹೇಳುತ್ತದೆ.

ಅಧ್ಯಾಪಕರಿಗೊಂದು ಮಾತು. ‘ನೋಡಿ ಸಾರ್, ಎಂಥ ಫೋಟೊ ಬಂದಿದೆ’ ಎಂದು ಪ್ರಿನ್ಸಿಪಾಲರಿಗೆ ಫಾರ್ವರ್ಡ್ ಮಾಡಬೇಡಿ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಮಕ್ಕಳ ಅಶ್ಲೀಲ ಚಿತ್ರ ರವಾನಿಸುವುದು ಐಟಿ ಕಾಯ್ದೆಯ 67ಬಿ ಅಡಿ ಅಪರಾಧ. ಬಾಯಲ್ಲಿ ಹೇಳಿ, ಖಾತೆಯ ಲಿಂಕ್ ಬರೆದುಕೊಡಿ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ‘ಕಾಲೇಜಿನ ಮರ್ಯಾದೆ’ ಎಂದು ಒಳಗೊಳಗೇ ಮುಗಿಸುವ ಹಾಗಿಲ್ಲ.

ಈ ಸೇವೆಗೆ ಕೊಟ್ಟದ್ದು ಪೊಲೀಸ್ ದೂರು ಆಗುವುದಿಲ್ಲ, ಅದನ್ನು ಬೇರೆಯಾಗಿ ಕೊಡಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಠಾಣೆಗೇ ಬಸ್ ಹತ್ತಬೇಕೆಂದಿಲ್ಲ. ಊರಿನ ಹತ್ತಿರದ ಯಾವ ಠಾಣೆಯಲ್ಲೂ ದೂರು ಕೊಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರಿಲ್ಲದೆ ದೂರು ಕೊಡುವ ದಾರಿಯೂ ಇದೆ, ಆದರೆ ಹಾಗೆ ಕೊಟ್ಟರೆ ಅದು ಎಲ್ಲಿಗೆ ಬಂತೆಂದು ಆಮೇಲೆ ನೋಡಲು ಬರುವುದಿಲ್ಲ. ಬೆದರಿಸಿ ಹಣ ಕಿತ್ತಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಗು ಒಂಟಿಯಾಗಿ ಹೆದರಿ ಕೂತಿದ್ದರೆ ಮಕ್ಕಳ ಸಹಾಯವಾಣಿ 1098.