ವರ್ಷನ್-ಚೆಕ್ ಸ್ಕ್ರಿಪ್ಟ್: 2019ರಿಂದ ಬಳಸಿದವನ ಅನುಭವ

ಲಿನಕ್ಸ್ ವ್ಯವಸ್ಥೆಯನ್ನು ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಳ್ಳುವುದನ್ನು ಕಲಿಸುವ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಕೈಪಿಡಿಯ ಆರಂಭದಲ್ಲಿ ಬರುವ ವರ್ಷನ್-ಚೆಕ್ ಎಂಬ ಪುಟ್ಟ ಶೆಲ್ ಸ್ಕ್ರಿಪ್ಟನ್ನು ನಾನು 2019ರಿಂದ ಬಳಸುತ್ತಿದ್ದೇನೆ. ಆ ಕೆಲಸಕ್ಕೆ ಬೇಕಾದ ಉಪಕರಣಗಳು ಕಂಪ್ಯೂಟರಿನಲ್ಲಿ ಇವೆಯೇ, ಸಾಕಷ್ಟು ಹೊಸವೇ ಎಂದು ಇದು ನೋಡುತ್ತದೆ. ಭಾನುವಾರ ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬರುವ ಧಾರವಾಡ, ಬೆಳಗಾವಿ ಕಡೆಯ ಹುಡುಗರಿಗೂ ಮೊದಲು ಇದನ್ನೇ ಓಡಿಸಲು ಹೇಳುತ್ತೇನೆ. ಗಂಟೆಗಟ್ಟಲೆ ಜಿಸಿಸಿ ಎಂಬ ಕಂಪೈಲರನ್ನು ಬಿಲ್ಡ್ ಮಾಡಿದ ಮೇಲೆ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯ ಹಂತದಲ್ಲಿ ಬೈಸನ್ ಎಂಬ ಉಪಕರಣ ಇಲ್ಲವೆಂದು ಕೆಲಸ ನಿಂತರೆ ಆಗುವ ಬೇಸರ ಅನುಭವಿಸಿದವರಿಗೇ ಗೊತ್ತು.

ಮೊದಮೊದಲು ಈ ಸ್ಕ್ರಿಪ್ಟ್ ಆವೃತ್ತಿಗಳ ಅಂಕಿಗಳನ್ನಷ್ಟೇ ಮುದ್ರಿಸುತ್ತಿತ್ತು. ಕೈಪಿಡಿಯ ಪಟ್ಟಿಯೊಡನೆ ತಾಳೆ ನೋಡುವ ಹೊಣೆ ನಮ್ಮದಾಗಿತ್ತು, ಕಣ್ತಪ್ಪುವುದೂ ಇತ್ತು. ಈಗ ಪ್ರತಿ ಸಾಲಿನ ಮುಂದೆ ‘ಓಕೆ’ ಅಥವಾ ‘ಎರರ್’ ಎಂದು ಬರುತ್ತದೆ. ಹೋಲಿಕೆಯನ್ನು ಅದು ‘ಸಾರ್ಟ್’ ಆಜ್ಞೆಯ ಆವೃತ್ತಿ-ಕ್ರಮದ ಆಯ್ಕೆಯಿಂದ ಮಾಡುವುದರಿಂದ 2.10 ಎಂಬುದು 2.9ಕ್ಕಿಂತ ಹೊಸದೆಂದು ಸರಿಯಾಗಿ ತಿಳಿಯುತ್ತದೆ. ಅಕ್ಷರಗಳಂತೆ ಹೋಲಿಸಿದ್ದರೆ ಉತ್ತರ ತಲೆಕೆಳಗಾಗುತ್ತಿತ್ತು. ಆ ‘ಸಾರ್ಟ್’ ಇರುವ ಕೋರ್‌ಯುಟಿಲ್ಸ್ ಎಂಬ ಆಜ್ಞೆಗಳ ಕಂತೆ ಹಳೆಯದಾಗಿದ್ದರೆ ಸ್ಕ್ರಿಪ್ಟ್ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ. ಈ ಎಚ್ಚರ ನನಗೆ ಬಹಳ ಹಿಡಿಸಿದೆ.

ಉಬುಂಟು ಬಳಸುವವರಿಗೆ ಸಾಮಾನ್ಯವಾಗಿ ಮೊದಲ ಏಟು ಬೀಳುವುದು ‘ಎಸ್‌ಎಚ್’ ಸಾಲಿನಲ್ಲಿ. ಅಲ್ಲಿ ಆ ಹೆಸರಿನ ಕೊಂಡಿ ಇಲ್ಲಿ ಬೇಕಾದ ಬ್ಯಾಶ್ ಎಂಬ ಶೆಲ್‌ಗೆ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮ್) ಬದಲಾಗಿ ಡ್ಯಾಶ್ ಎಂಬ ಇನ್ನೊಂದು ಶೆಲ್‌ನತ್ತ ಇರುತ್ತದೆ. ‘ಎಲ್ಲ ಇನ್‌ಸ್ಟಾಲ್ ಆಗ್ಯದರಿ ಸರ್’ ಎನ್ನುತ್ತಿದ್ದ ಹುಡುಗ ಆ ಒಂದು ಸಾಲನ್ನು ನೋಡಿ ಸುಮ್ಮನಾಗುತ್ತಾನೆ.

ಸ್ಕ್ರಿಪ್ಟ್ ತನ್ನ ಹುಡುಕಾಟವನ್ನು ಎರಡೇ ಡೈರೆಕ್ಟರಿಗಳಿಗೆ ಸೀಮಿತಗೊಳಿಸಿಕೊಳ್ಳುತ್ತದೆ. ಯುಎಸ್‌ಆರ್-ಲೋಕಲ್ ಒಳಗೆ ನಾನೇ ಕಟ್ಟಿಟ್ಟಿದ್ದ ಹೊಸ ‘ಮೇಕ್’ ಉಪಕರಣ ಅದಕ್ಕೆ ಕಾಣಿಸದಿದ್ದಾಗ ಅದನ್ನೇ ಬೈದಿದ್ದೆ. ಬೇರೆ ಕಡೆ ಉಪಕರಣಗಳಿದ್ದರೆ ಪಾತ್ (ಹುಡುಕಬೇಕಾದ ಡೈರೆಕ್ಟರಿಗಳ ಪಟ್ಟಿ) ಬದಲಿಸಬೇಕೆಂದು ಅದರ ತಲೆಯಲ್ಲೇ ಟಿಪ್ಪಣಿಯಿದೆ. ಓದದಿದ್ದುದು ನನ್ನ ತಪ್ಪು.

ನನ್ನ ನಿಜವಾದ ತಕರಾರು ಬೇರೆ. ಖಾಲಿ ಪ್ರೋಗ್ರಾಮೊಂದನ್ನು ಕಂಪೈಲ್ ಮಾಡಿ ಅದು ಪರೀಕ್ಷಿಸುವುದು ಜಿ++ ಎಂಬ ಸಿ++ ಕಂಪೈಲರೊಂದನ್ನೇ. ಉಳಿದ ಬಹುತೇಕ ಉಪಕರಣಗಳ ವಿಷಯದಲ್ಲಿ ‘ಓಕೆ’ ಎಂದರೆ ಆವೃತ್ತಿ ಸಾಕಷ್ಟು ಹೊಸದು ಎಂದಷ್ಟೇ ಅರ್ಥ. ಕೊನೆಯಲ್ಲಿ ಪ್ರೊಸೆಸರ್ ಕೋರ್‌ಗಳ ಸಂಖ್ಯೆಯನ್ನು ತಿಳಿಸುತ್ತದೆಯೇ ಹೊರತು ಮೆಮೊರಿಯ ಮಾತೆತ್ತುವುದಿಲ್ಲ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನವನೊಬ್ಬ ಪರದೆಯ ಮೇಲೆ 8 ಎಂದು ಕಂಡದ್ದನ್ನೇ ನಂಬಿ ಎಂಟು ಕಂಪೈಲ್ ಕೆಲಸಗಳನ್ನು ಒಟ್ಟಿಗೆ ಹಚ್ಚಿದ. ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದುಹಾಕಿತು. ಅಂದಿನಿಂದ ನನ್ನ ಪ್ರತಿಯ ಕೊನೆಗೆ ಮೆಮೊರಿ ತೋರಿಸುವ ‘ಫ್ರೀ’ ಮತ್ತು ಡಿಸ್ಕಿನ ಜಾಗ ತೋರಿಸುವ ‘ಡಿಎಫ್’ ಆಜ್ಞೆಗಳ ಎರಡು ಸಾಲು ಸೇರಿಸಿಕೊಂಡಿದ್ದೇನೆ.