ಚಿಕ್ಕಬಳ್ಳಾಪುರದ ಭಾಷಣ–ಚರ್ಚೆ ಕ್ಲಾಸು: ಗೋಡೆಗಿಂತ ಪಾಠ ವಾಸಿ

ಬೇಸಿಗೆ ರಜೆ ಬಂದರೆ ಮಕ್ಕಳನ್ನು ಎಲ್ಲಿಗೆ ಕಳಿಸೋದು ಅನ್ನೋದೇ ನಮ್ಮೂರಲ್ಲಿ ಎಲ್ಲರ ತಲೆನೋವು. ಈ ಸಲ ನನ್ನ ಮಗಳು, ಮಗ ಇಬ್ಬರೂ ಬಿ.ಬಿ. ರಸ್ತೆ ಕಡೆ ಒಂದು ಮಹಡಿ ಮೇಲೆ ನಡೆಯುವ ಭಾಷಣ–ಚರ್ಚೆ ಕ್ಲಾಸಿಗೆ ಹೋದರು. ಒಂದು ತಿಂಗಳು, ಸಂಜೆ ಹೊತ್ತು, ತಲಾ 2,500 ರೂಪಾಯಿ. ಕ್ಲಾಸಿನ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈದಿದ್ದೇನೆ.

ಒಳಗೆ ಹೋದರೆ ಮೊದಲು ಕಾಣೋದು ಗೋಡೆ ತುಂಬಾ ಇರುವ ಫ್ಲೆಕ್ಸ್. 'ಇವರೆಲ್ಲ ಶಾಲೆಯಲ್ಲೇ ಮಾತು ಕಲಿತವರು' ಅಂತ ತಲೆಬರಹ. ಕೆಳಗೆ ಅಮೆರಿಕದವರೇ ಎಲ್ಲ: ಟಿವಿಯ ಓಪ್ರಾ ವಿನ್‌ಫ್ರೇ, ಸಿನಿಮಾ ನಟ ಬ್ರಾಡ್ ಪಿಟ್, ರಾಜಕಾರಣಿ ಎಲಿಜಬೆತ್ ವಾರನ್, ಜಡ್ಜ್‌ಗಳಾದ ಸೋನಿಯಾ ಸೊಟೊಮೇಯರ್, ಕೆಟಾಂಜಿ ಬ್ರೌನ್ ಜಾಕ್ಸನ್. ಸುಳ್ಳೇನಲ್ಲ. ಓಪ್ರಾ ಹೈಸ್ಕೂಲಿನಲ್ಲಿದ್ದಾಗ ಭಾಷಣ ಸ್ಪರ್ಧೆ ಗೆದ್ದು, ಅದರಿಂದಲೇ ಟೆನೆಸ್ಸೀ ಸ್ಟೇಟ್ ಯೂನಿವರ್ಸಿಟಿಗೆ ಸ್ಕಾಲರ್‌ಶಿಪ್ ಪಡೆದವರು. ವಾರನ್ 16ನೇ ವಯಸ್ಸಿಗೇ ಚರ್ಚೆಯ ಸ್ಕಾಲರ್‌ಶಿಪ್ ಮೇಲೆ ಕಾಲೇಜು ಸೇರಿದರು. ಜಾಕ್ಸನ್ ಮಯಾಮಿಯಲ್ಲಿ ಓದುವಾಗ 1988ರಲ್ಲಿ ರಾಷ್ಟ್ರಮಟ್ಟದ ಭಾಷಣ ಸ್ಪರ್ಧೆ ಗೆದ್ದವರು, 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆದರು. ಅಲ್ಲಿ ಶಾಲಾ ಚರ್ಚೆಗಂತಲೇ 1925ರಲ್ಲಿ ಶುರುವಾದ ಸಂಘ ಇವತ್ತಿಗೂ ನಡೀತಿದೆ. ನಮ್ಮಲ್ಲಿ ಪ್ರತಿಭಾ ಕಾರಂಜಿ ಬಂದಾಗ ನಾಲ್ಕು ದಿನ ಗಡಿಬಿಡಿ, ಆಮೇಲೆ ಮುಂದಿನ ವರ್ಷವೇ.

ಆದರೆ ಆ ಗೋಡೆಯಲ್ಲಿ ನಮ್ಮ ಕಡೆಯವರು ಒಬ್ಬರೂ ಇಲ್ವಲ್ಲ! ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1936ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇನ್ನೂ ಹೈಸ್ಕೂಲಿನಲ್ಲಿದ್ದ ಇದೇ ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬ್ರಾಡ್ ಪಿಟ್‌ನ ಪಕ್ಕ ಒಂದು ಫೋಟೋಗೆ ಜಾಗ ಇರಲಿಲ್ವಾ?

ಇನ್ನೊಂದು ತಕರಾರು. ಫ್ಲೆಕ್ಸ್ ತುಂಬಾ ಗೆದ್ದವರೇ. ನನ್ನ ಮಗನಿಗೆ ನಾಲ್ಕು ಜನರ ಮುಂದೆ ಹೆಸರು ಹೇಳೋಕೂ ಗಂಟಲು ಕಟ್ಟುತ್ತೆ. ಅಂಥವನಿಗೆ ಆ ಗೋಡೆ ನೋಡಿದರೆ ಭಯವೇ ಜಾಸ್ತಿ. ಗಾಂಧೀಜಿಯೇ ಬಾಂಬೆಯಲ್ಲಿ ತಮ್ಮ ಮೊದಲ ಕೇಸಿಗೆ ಎದ್ದು ನಿಂತವರು, ತಲೆ ಸುತ್ತಿ ಬಂದು, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕೂತುಬಿಟ್ಟರು. ನೆಹರೂ ಕೇಂಬ್ರಿಜ್‌ನ ಚರ್ಚಾ ಸಂಘದಲ್ಲಿದ್ದರು. ಇಡೀ ಟರ್ಮ್ ಬಾಯಿ ಬಿಡದವರು ದಂಡ ಕಟ್ಟಬೇಕು ಅನ್ನೋದು ಅಲ್ಲಿನ ನಿಯಮ. ಎಷ್ಟೋ ಸಲ ದಂಡವನ್ನೇ ಕಟ್ಟಿದೆ ಅಂತ ನೆಹರೂ ತಾವೇ ಬರೆದುಕೊಂಡಿದ್ದಾರೆ. ಇದನ್ನು ಮಗನಿಗೆ ಹೇಳಿದೆ. "ದಂಡ ಎಷ್ಟು ಅಪ್ಪಾ?" ಅಂದ!

ಈಗ ಪಾಠದ ವಿಷಯ. ಭಾಷಣದ ಭಾಗ ಸುಮ್ನೆ ದಂಡ. ಮಕ್ಕಳಿಗೆ ಬರೆದುಕೊಟ್ಟಿದ್ದನ್ನು ಉರು ಹೊಡೆಸುತ್ತಾರೆ. ಎಲ್ಲರದ್ದೂ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತಲೇ ಶುರು. ಎಲ್ಲರ ಕೈಯೂ ಒಂದೇ ಕಡೆ ಏಳುತ್ತೆ. ನಾನು ಹೂವಿನ ಮಂಡಿಯವನು, ಬೆಳಗಾದರೆ ಹರಾಜು ಕೂಗೋದನ್ನು ಕೇಳ್ತೀನಿ. ಅಲ್ಲಿನ ಮಾತಿಗೆ ಇದಕ್ಕಿಂತ ಜೀವ ಇರುತ್ತೆ.

ಚರ್ಚೆಯ ಭಾಗ ಬೇರೆಯೇ. ಅದನ್ನು ಬೇರೆ ಮೇಡಂ ಮಾಡುತ್ತಾರೆ. ಎದುರಿನವರು ಹೇಳಿದ್ದನ್ನು ಮೊದಲು ನೀನು ತಿರುಗಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲೆಯೇ ನಿನ್ನ ಉತ್ತರ. ಪರ ಯಾರು, ವಿರೋಧ ಯಾರು ಅನ್ನೋದು ಚೀಟಿ ಎತ್ತಿದ ಮೇಲೆ ಗೊತ್ತಾಗೋದು. ಪೋಷಕರನ್ನು ಕರೆದ ದಿನ ವಿಷಯ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡೋದು ಸರಿಯಾ ಅಂತ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಆ ನೀರು ನಮ್ಮ ಕಂದವಾರ ಕೆರೆಗೆ ಬಂದಿದ್ದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಮಗಳಿಗೆ ಪರ ಬಂತು. ಕೆರೆ ತುಂಬಿದರೆ ಬೋರ್‌ವೆಲ್‌ಗೆ ನೀರು ಬರುತ್ತೆ, ತೋಟ ಉಳಿಯುತ್ತೆ ಅಂತ ಎರಡು ನಿಮಿಷ ಎಲ್ಲೂ ನಿಲ್ಲಿಸದೆ ಹೇಳಿದಳು. ವಿರೋಧ ನನ್ನ ಮಗನಿಗೆ. ಎದ್ದ. ಬೆಂಚು ಗಟ್ಟಿಯಾಗಿ ಹಿಡ್ಕೊಂಡ.

"ಅಕ್ಕ ಹೇಳಿದ್ದು, ಕೆರೆ ತುಂಬಿದರೆ ಬೋರ್‌ವೆಲ್‌ಗೆ ನೀರು ಬರುತ್ತೆ ಅಂತ. ಹೌದಾ ಅಕ್ಕ?"

"ಹೌದು."

"ಆ ನೀರನ್ನು ಎರಡೇ ಹಂತ ಶುದ್ಧ ಮಾಡಿ ಬಿಡ್ತಾರೆ. ಮೂರನೇ ಹಂತ ಯಾಕಿಲ್ಲ? ಬೋರ್‌ವೆಲ್ ನೀರನ್ನೇ ನಾವು ಕುಡಿಯೋದು."

ಅಷ್ಟೇ ಹೇಳಿ ಕೂತ. ಅವಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಇಬ್ಬರೂ ಅದನ್ನೇ ಹಿಡಿದು ಕೂತಿದ್ದರು, ಊಟ ತಣ್ಣಗಾಯ್ತು.

ಉಳಿದದ್ದು: ಫ್ಯಾನ್ ಎರಡೇ, ಮೈಕ್ ಗರಗರ ಅನ್ನುತ್ತೆ. ಸರ್ಟಿಫಿಕೇಟಿಗೆ ಬೇರೆ 300 ರೂಪಾಯಿ, ಅದನ್ನು ಮೊದಲೇ ಹೇಳಲ್ಲ. ಗಾಡಿ ನಿಲ್ಲಿಸಲು ಜಾಗ ಕಷ್ಟ.

ಸೇರಿಸುವುದಾದರೆ ಚರ್ಚೆ ಮಾತ್ರ ಸಾಕು ಅಂತ ಕೇಳಿ. ಗಟ್ಟಿಯಾಗಿ ಕೇಳಿದರೆ 1,500ಕ್ಕೆ ಒಪ್ಪುತ್ತಾರೆ. ಒಂದು ಬ್ಯಾಚಿನಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಬೇಡ, ಸರದಿ ಬರುವಷ್ಟರಲ್ಲಿ ಟೈಮೇ ಮುಗಿಯುತ್ತೆ.