ನಿಕಾಹ್ ಒಂದೇ ಸಾಕೋ, ನೋಂದಣಿನೂ ಬೇಕೋ?

ಹಳೇ ಹುಬ್ಬಳ್ಳಿಯ ನಮ್ಮ ಓಣ್ಯಾಗ ಮದುವೆ ಗೊತ್ತಾದ ತಂಗಿಯೊಬ್ಬಳು ಕೇಳಿದ್ಲು: ‘ಅಕ್ಕಾ, ನಿಕಾಹ್ ಅಷ್ಟ ಸಾಕೋ, 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ನೋಂದಣಿನೂ ಮಾಡಿಸಲೋ?’

ನಿಕಾಹ್ ಒಂದು ದಿನದ ಮಾತು. ಮೆಹರ್, ಅಂದ್ರ ಗಂಡ ಹೆಂಡತಿಗೆ ಕೊಡಬೇಕಾದ ಮೊತ್ತ, ಹುಡುಗಿಯದೇ ಸ್ವತ್ತು. ಆದ್ರ ನಿಕಾಹ್‌ನಾಮಾದಾಗ, ಅಂದ್ರ ಮದುವೆ ಕರಾರು ಪತ್ರದಾಗ, ಆ ಮೊತ್ತ ಬರೆಯೋವಾಗ ಪೆನ್ನು ಗಂಡಸರ ಕೈಯಾಗ, ಎಲ್ಲರ ಲಕ್ಷ್ಯ ಬಿರಿಯಾನಿ ಕಡೆ. ಸಹಿಗೆ ಮೊದಲು ಓದಿಸಿಕೋ, ಷರತ್ತೂ ಬರೆಸಬಹುದು.

ನೋಂದಣಿ ಅಂದ್ರ 30 ದಿನದ ನೋಟಿಸು, ಮೂವರು ಸಾಕ್ಷಿ, ಕಿರಿಕಿರಿ. ಆದ್ರ ಆಸ್ತಿ ಲೆಕ್ಕ ನೋಡು: ಶರೀಯತ್‌ನಾಗ ಮಕ್ಕಳಿರೋ ವಿಧವೆಗೆ ಎಂಟರಲ್ಲೊಂದು ಪಾಲು, ಮಗಳಿಗೆ ಮಗನ ಅರ್ಧ. ನೋಂದಣಿಯಾದ್ರ 1925ರ ಉತ್ತರಾಧಿಕಾರ ಕಾಯ್ದೆ ಬರ್ತದ: ವಿಧವೆಗೆ ಮೂರರಲ್ಲೊಂದು, ಮಕ್ಕಳಿಗೆ ಸಮಪಾಲು.

ನಾನಾದ್ರ ಎರಡೂ ಮಾಡಿಸ್ತಿದ್ದೆ. ನಿಕಾಹ್ ಆದಮೇಲೂ ನೋಂದಣಿಗೆ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಾಗ ದಾರಿ ಅದ; ಇಬ್ಬರಿಗೂ 21 ತುಂಬಿರಬೇಕು, ಬೇರೆ ಷರತ್ತೂ ಅವ.